ಒಂದು ಭಾನುವಾರ ಕರುಗಳಿಗಾಗಿ

ರೋಟರಿ, ಲಯನ್ಸ್ ಕ್ಲಬ್‌ಗಳು ಹಳ್ಳಿಗಳಲ್ಲಿ ಕಣ್ಣಿನ ತಪಾಸಣೆ, ರಕ್ತದಾನ ಶಿಬಿರ ನಡೆಸುತ್ತಿವೆ. ಸಂತೋಷ. ಕ್ಲಬ್‌ಗಳ ಯುವಕ ಯುವತಿಯರಿಗೆ ನಮ್ಮದೊಂದು ಕೋರಿಕೆ: ಒಂದು ಭಾನುವಾರ ಹೆಣ್ಣು ಕರುಗಳ ಪಟ್ಟಿ ಮಾಡಿಕೊಡಿ.

ಹಸು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲೋಸಿಸ್ ರೋಗಕ್ಕೆ ಉಚಿತ ಲಸಿಕೆಯಿದೆ. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಹಾಕಿಸಬೇಕು. ವಯಸ್ಸು ಮೀರಿದರೆ ಹಾಕುವುದಿಲ್ಲ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಎತ್ತುವ ನಮ್ಮ ಹೆಣ್ಣುಮಕ್ಕಳಿಗೂ ಈ ರೋಗ ತಗಲುತ್ತದೆ.

ಚುಚ್ಚುವುದು ಪಶುವೈದ್ಯರ ಕೆಲಸ, ಸ್ವಯಂಸೇವಕರು ಲಸಿಕೆ ಮುಟ್ಟಬಾರದು. ಆದರೆ ಯಾರ ಕೊಟ್ಟಿಗೆಯಲ್ಲಿ ಎಷ್ಟು ತಿಂಗಳ ಕರುವಿದೆ ಎಂಬುದು ವೈದ್ಯರಿಗೆ ಸಕಾಲಕ್ಕೆ ಗೊತ್ತಾಗಬೇಕಲ್ಲ! ರೋಟರಿ 1985ರಲ್ಲಿ ಪೋಲಿಯೊ ವಿರುದ್ಧ ಹೊರಟಿತು, 2014ರಲ್ಲಿ ಭಾರತ ಪೋಲಿಯೊಮುಕ್ತವಾಯಿತು. ಅಲ್ಲಿಯೂ ಮನೆ ಮನೆ ತಿರುಗಿಯೇ ಕೆಲಸವಾದದ್ದು.

ಪಟ್ಟಿಯನ್ನು ಡೇರಿ ಕಾರ್ಯದರ್ಶಿಗೆ ಕೊಟ್ಟರೆ ಸಾಕು. ಕೂಡಿಸಿದ ದೇಣಿಗೆಯಲ್ಲಿ ಹಾರ, ಶಾಲು ಬೇಡ. ಹಾಲು ಕರೆಯುವವರಿಗೆ ಕೈಗವಸು ಕೊಡಿಸಿ.