ಮಾರ್ಕರ್ ನಾರ್ಮಲ್, ಗಡ್ಡೆ ಮಾತ್ರ ಅಲ್ಲೇ

ತ್ರ್ಯಂಬಕೇಶ್ವರದಲ್ಲಿ ಕನ್ನಡ ಕಿವಿಗೆ ಬೀಳುವುದು ಹೊಸತೇನಲ್ಲ. ಪುಣೆ, ಮುಂಬೈಯ ನಮ್ಮವರು ನಾರಾಯಣ ನಾಗಬಲಿಗೆಂದು, ಕಾಲಸರ್ಪ ಶಾಂತಿಗೆಂದು ಬರುತ್ತಲೇ ಇರುತ್ತಾರೆ. ಕಳೆದ ಸಲ ಹೋದಾಗ ಕುಶಾವರ್ತದ ಮೆಟ್ಟಿಲ ಮೇಲೆ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಪರಿಚಯವಾಯಿತು. ನಾಸಿಕದಲ್ಲೇ ನೆಲೆಸಿದವರು. ಮಗನಿಗೆ 27 ವರ್ಷ, ವೃಷಣದ ಕ್ಯಾನ್ಸರ್, ನಾಲ್ಕು ಸೈಕಲ್ ಕೀಮೋ ಮುಗಿದಿತ್ತು.

"ಮಾರ್ಕರ್ ಎಲ್ಲಾ ನಾರ್ಮಲ್ ಬಂದಾವ್ರಿ. ಹೊಟ್ಟ್ಯಾಗಿನ ಗಡ್ಡಿ ಅಷ್ಟ ಉಳದೈತಿ. ಡಾಕ್ಟ್ರು ಆಪರೇಷನ್ ಅಂತಾರ, ನಾವು ಸ್ವಲ್ಪ ದಿನ ನೋಡೂಣು ಅಂದೇವಿ" ಅಂದರು ತಂದೆ.

ಪೂಜೆ ಮಾಡಿಸಿ, ಆದರೆ ಆಪರೇಷನ್ ತಾರೀಖು ಮುಂದೆ ಹಾಕಬೇಡಿ ಅಂದೆ. ನನ್ನ ಕೆಲಸ ಆಸ್ಪತ್ರೆ ಲ್ಯಾಬ್‌ಗಳ ಸಾಫ್ಟ್‌ವೇರ್‌ನದ್ದು. ಡ್ಯಾಶ್‌ಬೋರ್ಡ್ ಹಸಿರಾಗಿದ್ದರೂ ಒಳಗೆ ಸರ್ವರ್ ಕೆಟ್ಟಿರುವುದು ನಮಗೆಲ್ಲ ಗೊತ್ತಿರುವ ಸಂಗತಿ. ಇಲ್ಲಿಯೂ ಹಾಗೆಯೇ.

ವೀರ್ಯಾಣು, ಅಂಡಾಣುಗಳಾಗಬೇಕಿದ್ದ ಜೀವಕೋಶಗಳಿಂದ ಹುಟ್ಟುವ ಗಡ್ಡೆಗಳಿಗೆ ಜರ್ಮ್ ಸೆಲ್ ಟ್ಯೂಮರ್ ಎನ್ನುತ್ತಾರೆ. ಯುವರಾಜ್ ಸಿಂಗ್‌ಗೆ ಎದೆಯಲ್ಲಿ ಬಂದದ್ದು ಇದೇ ಜಾತಿಯದು, ಸೆಮಿನೋಮಾ. ಅಮೆರಿಕದಲ್ಲಿ ಕೀಮೋ ಮುಗಿಸಿ 2012ರ ಸೆಪ್ಟೆಂಬರ್‌ನಲ್ಲೇ ಮತ್ತೆ ಭಾರತಕ್ಕೆ ಆಡಿದರು. ಅವರನ್ನು ನೋಡಿದ ಡಾ. ಲ್ಯಾರಿ ಐನ್‌ಹಾರ್ನ್ 1974ರಲ್ಲಿ ಸಿಸ್‌ಪ್ಲಾಟಿನ್ ಬಳಸಿ ಈ ರೋಗದ ಹಣೆಬರಹವನ್ನೇ ತಿದ್ದಿದವರು.

ಆದರೆ ಎಲ್ಲ ಗಡ್ಡೆಯೂ ಸೆಮಿನೋಮಾ ಅಲ್ಲ. ಕೆಲವದರಲ್ಲಿ ಟೆರಟೋಮಾ ಬೆರೆತಿರುತ್ತದೆ. ಇಡೀ ದೇಹ ಕಟ್ಟಬಲ್ಲ ಕೋಶದಿಂದ ಹುಟ್ಟಿದ್ದಾದ್ದರಿಂದ ಅದರೊಳಗೆ ಕೂದಲು, ಎಲುಬು, ಸ್ನಾಯು, ಕರುಳಿನ ಪೊರೆ ಏನು ಬೇಕಾದರೂ ಸಿಗಬಹುದು. ಕೀಮೋಗೆ ಟೆರಟೋಮಾ ಜಗ್ಗುವುದಿಲ್ಲ. ಉಳಿದೆಲ್ಲ ಸಾಯುತ್ತದೆ, ಇದು ಕೂತಿರುತ್ತದೆ. ಹೀಗೆ ಉಳಿದ ಟೆರಟೋಮಾ ಕೆಲವೊಮ್ಮೆ ಪೂರ್ತಿ ಬೇರೆಯದೇ ಕ್ಯಾನ್ಸರ್ ಆಗಿ ತಿರುಗುತ್ತದೆ: ಸ್ನಾಯುವಿನ ಸಾರ್ಕೋಮಾ, ಗ್ರಂಥಿಯ ಅಡೆನೋಕಾರ್ಸಿನೋಮಾ, ನರಕೋಶದ ಗಡ್ಡೆ. ಹರಡಿದ ಜರ್ಮ್ ಸೆಲ್ ಕಾಯಿಲೆಯ 100 ಮಂದಿಯಲ್ಲಿ ಸುಮಾರು 3ರಿಂದ 6 ಜನರಲ್ಲಿ ಹೀಗಾಗುತ್ತದೆ. ಅಪರೂಪ ನಿಜ. ಆದರೆ ತಿರುಗಿದ ಗಡ್ಡೆ ಎಎಫ್‌ಪಿಯನ್ನಾಗಲಿ ಬೀಟಾ ಎಚ್‌ಸಿಜಿಯನ್ನಾಗಲಿ ರಕ್ತಕ್ಕೆ ಬಿಡುವುದಿಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ಲೇ ಇರುತ್ತದೆ, ಸಿಟಿ ಸ್ಕ್ಯಾನ್‌ನಲ್ಲಿ ಗಡ್ಡೆ ಮಾತ್ರ ಬೆಳೆಯುತ್ತಿರುತ್ತದೆ.

ಸೆಮಿನೋಮಾ ಅಲ್ಲದ ಗಡ್ಡೆಯಲ್ಲಿ ಕೀಮೋ ನಂತರ ಒಂದು ಸೆಂಟಿಮೀಟರಿಗಿಂತ ದೊಡ್ಡದು ಉಳಿದರೆ ತೆಗೆಯಬೇಕು ಎನ್ನುವುದು ಇದೇ ಕಾರಣಕ್ಕೆ. ತೆಗೆದು ನೋಡಿದಾಗ ಸುಮಾರು ಅರ್ಧದಷ್ಟರಲ್ಲಿ ಬರೀ ಸತ್ತ ಅಂಗಾಂಶ, ಹೆಚ್ಚುಕಡಿಮೆ ಅಷ್ಟರಲ್ಲೇ ಟೆರಟೋಮಾ, ಸುಮಾರು 10ರಷ್ಟರಲ್ಲಿ ಜೀವಂತ ಕ್ಯಾನ್ಸರ್. ಯಾವುದು ಅಂತ ಹೊರಗಿನಿಂದ ಹೇಳಲಾಗದು. ಆಪರೇಷನ್ ಸಣ್ಣದಲ್ಲ: ಬೆನ್ನೆಲುಬಿನ ಮುಂದೆ, ದೊಡ್ಡ ರಕ್ತನಾಳಗಳಿಗೆ ಅಂಟಿದ ಗಂಟುಗಳನ್ನು ಗಂಟೆಗಟ್ಟಲೆ ಬಿಡಿಸಬೇಕು. ಸ್ಖಲನದ ನರಗಳನ್ನು ಉಳಿಸಿಕೊಳ್ಳುವ ಕೈಚಳಕವೂ ಬೇಕು. ಇಂಥದನ್ನು ಮೇಲಿಂದ ಮೇಲೆ ಮಾಡುವ ಕಡೆಯೇ ಮಾಡಿಸಬೇಕು. ನಾಸಿಕದವರಿಗೆ ಪರೇಲ್‌ನ ಟಾಟಾ ಮೆಮೋರಿಯಲ್ ಇದೆ. ಮರಾಠವಾಡದವರಿಗೆ ಛತ್ರಪತಿ ಸಂಭಾಜಿನಗರದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೊದಲು ತೋರಿಸಿಕೊಳ್ಳುವ ದಾರಿಯಿದೆ. ಊರಿಗೆ ಮರಳುವವರಿಗೆ ಬೆಂಗಳೂರಿನ ಕಿದ್ವಾಯಿ.

ತಿರುಗಿದ್ದೇ ಹೌದೆಂದು ಪೆಥಾಲಜಿ ಹೇಳಿದರೂ ಮೊದಲ ಮದ್ದು ಕತ್ತಿಯೇ. ಎಲ್ಲವನ್ನೂ ತೆಗೆಯಲಾಗುವವರಿಗೆ ಗುಣವಾಗುವ ಅವಕಾಶ ನಿಜಕ್ಕೂ ಇದೆ. ಹರಡಿದ್ದರೆ, ಅದೂ ಒಂದೇ ಬಗೆಯದಾಗಿದ್ದರೆ, ಆ ಬಗೆಗೆ ತಕ್ಕ ಕೀಮೋ ಕೊಡುತ್ತಾರೆ. ಸಾರ್ಕೋಮಾ ಆದರೆ ಸಾರ್ಕೋಮಾದ್ದು. ಹಳೆಯ ಸಿಸ್‌ಪ್ಲಾಟಿನ್ ಕೀಮೋವನ್ನೇ ಮತ್ತೆ ಹಾಕಿದರೆ ಹೆಚ್ಚಿನ ಪ್ರಯೋಜನ ಇಲ್ಲ. ಆದ್ದರಿಂದ ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಹಾಳೆ ಅಷ್ಟೇ ಸಾಲದು, ಲ್ಯಾಬ್‌ನಿಂದ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಕೇಳಿ ಪಡೆಯಿರಿ. ಅದು ರೋಗಿಯ ಹಕ್ಕು, ಕೇಳಲು ಸಂಕೋಚ ಯಾಕೆ?

ಸಂಕೋಚ ಅಂದೆನಲ್ಲ, ಈ ಕಾಯಿಲೆಯಲ್ಲಿ ಅರ್ಧ ತಡ ಅದರಿಂದಲೇ. 20ರಿಂದ 40ರ ಗಂಡಸರು ಬೀಜದಲ್ಲಿ ನೋವಿಲ್ಲದ ಗಟ್ಟಿ ಗಂಟು ಸಿಕ್ಕರೂ ಹೆಂಡತಿಗೂ ಹೇಳುವುದಿಲ್ಲ. ಕೀಮೋಗೆ ಮೊದಲೇ ವೀರ್ಯ ಶೇಖರಿಸಿಡಬಹುದು ಎಂಬುದನ್ನು ಎಷ್ಟೋ ಮನೆಗಳಲ್ಲಿ ಯಾರೂ ಕೇಳಿಯೇ ಇರುವುದಿಲ್ಲ. ಅದನ್ನು ಮೊದಲ ಸೈಕಲ್‌ಗೆ ಮುಂಚೆಯೇ ಕೇಳಬೇಕು, ಆಮೇಲೆ ಅಲ್ಲ.