ಮುಖ ನೋಡಿ ಮಣೆ ಹಾಕಬಹುದೆ?

ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಸಹಜವಾಗಿ ನೆಲಸದ ಸಿಂಗಳೀಕವನ್ನು ಕಂಡಾಗ ನಮ್ಮಲ್ಲಿ ಕನಿಕರವುಂಟಾಗುವುದು ಸಹಜ. ಕಪ್ಪು ಮೋರೆಯ ಸುತ್ತ ಬೂದುಬಿಳುಪಿನ ಕೇಸರ, ಎದೆಗಂಟಿದ ಮರಿ. ಅದರಲ್ಲಿ ನಾವು ನಮ್ಮ ಬಂಧುವನ್ನೇ ಕಾಣುತ್ತೇವೆ. ಶಾರ್ಕ್ ಎಂದೊಡನೆಯೋ, ನಮ್ಮ ಕಣ್ಣಮುಂದೆ ಬರುವುದು ಹಲ್ಲಿನ ಸಾಲು ಮಾತ್ರ. ಎರಡು ಜೀವಿಗಳಿಗೂ ಅಳಿವಿನ ಭಯವಿರುವಾಗ ಈ ಪಕ್ಷಪಾತ ನ್ಯಾಯವೆ?

ಅರಬ್ಬಿ ಸಮುದ್ರದಲ್ಲಿ ಸಂಚರಿಸುವ ತಿಮಿಂಗಿಲ ಶಾರ್ಕನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ಮೀನು, ಮೀನುಗಳಲ್ಲೆಲ್ಲ ದೊಡ್ಡದು. 12 ಮೀಟರಿಗೂ ಮೀರಿ ಬೆಳೆಯಬಲ್ಲ ಈ ದೈತ್ಯ, ನೀರಿನಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಸಣ್ಣ ಜೀವಿಗಳನ್ನು ಸೋಸಿ ತಿಂದು ಬದುಕುವ ಸಾಧುಪ್ರಾಣಿ. 1990ರ ದಶಕದಲ್ಲಿ ಗುಜರಾತಿನ ಕರಾವಳಿಯಲ್ಲಿ ಮಾಂಸಕ್ಕಾಗಿಯೂ ಯಕೃತ್ತಿನ ಎಣ್ಣೆಗಾಗಿಯೂ ಇದನ್ನು ನಿರ್ದಯವಾಗಿ ಬೇಟೆಯಾಡಿದರು.

ಸಿಂಗಳೀಕವು ಒಮ್ಮೆಗೆ ಸಾಮಾನ್ಯವಾಗಿ ಒಂದೇ ಮರಿ ಹೆರುತ್ತದೆ. ಮುಂದಿನ ಮರಿಗೆ ವರ್ಷಗಳೇ ಬೇಕು. ಶಾರ್ಕಿನ ಮಾತು ಬೇರೆಯೆಂದು ತೋರಬಹುದು. 1995ರಲ್ಲಿ ತೈವಾನಿನ ಬಳಿ ಸಿಕ್ಕಿದ ಒಂದು ತಿಮಿಂಗಿಲ ಶಾರ್ಕಿನ ಗರ್ಭದಲ್ಲಿ ಸುಮಾರು 300 ಮರಿಗಳಿದ್ದುವು. ಆದರೆ ಆ ಮರಿಗಳು ಪ್ರಾಯಕ್ಕೆ ಬರಲು ದಶಕಗಳೇ ಹಿಡಿಯುತ್ತವೆ. ಅಷ್ಟರೊಳಗೆ ದೊಡ್ಡವನ್ನೆಲ್ಲ ಹಿಡಿದು ಮುಗಿಸುವುದು, ಬಡ್ಡಿಯನ್ನು ಬಿಟ್ಟು ಅಸಲನ್ನೇ ಕರಗಿಸಿದಂತೆ. ಕಾಡಿನ ಕೋತಿಗೂ ಕಡಲಿನ ಮೀನಿಗೂ ಇರುವ ಗಂಡಾಂತರ ಹೀಗೆ ಒಂದೇ: ಕಳೆದುಕೊಂಡುದನ್ನು ಬೇಗ ತುಂಬಿಕೊಳ್ಳಲಾರದ ನಿಧಾನ.

ರಕ್ಷಣೆಯ ಬಗೆ ಮಾತ್ರ ಬೇರೆ. ಕಾಡಿಗೆ ಎಲ್ಲೆ ಹಾಕಬಹುದು. ಸಿಂಗಳೀಕದ ನೆಲೆಯಾದ ಕೇರಳದ ಸೈಲೆಂಟ್ ವ್ಯಾಲಿ, ಅಣೆಕಟ್ಟಿನ ಯೋಜನೆಯಿಂದ ಪಾರಾಗಿ 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಡಲಿನಲ್ಲಿ ಅಲೆಯುವ ಮೀನಿಗೆ ಬೇಲಿಯೆಲ್ಲಿ? 2001ರಲ್ಲಿ ಕಾನೂನು ಅದಕ್ಕೆ ಅಭಯವಿತ್ತರೂ, ಅದರ ಪ್ರಾಣ ಉಳಿದುದು ಬೆಸ್ತರ ಕೈಯಲ್ಲಿ. 2004ರಿಂದ ನಡೆದ ಪ್ರಚಾರದಲ್ಲಿ ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಲಾಯಿತು. ಹಿಂದೆ ಬೇಟೆ ನಡೆದ ಕರಾವಳಿಯಲ್ಲಿಯೇ ಬೆಸ್ತರು ತಮ್ಮ ಬಲೆಗಳನ್ನು ಕತ್ತರಿಸಿ ನೂರಾರು ಶಾರ್ಕುಗಳನ್ನು ಬಿಟ್ಟಿದ್ದಾರೆ. ಹರಿದ ಬಲೆಯೆಂದರೆ ಬಡವನ ಬಂಡವಾಳ. ಅದರ ನಷ್ಟವನ್ನು ತುಂಬಿಕೊಡುವುದು ಸಮಾಜದ ಹೊಣೆ.

ಮಗಳೆಂದು ಕರೆದ ಮೇಲೆಯೇ ಮರುಕ ಹುಟ್ಟಬೇಕೆ? ಆ ಮಾತಿನಿಂದ ಒಳಿತಾಯಿತು, ನಿಜ. ಆದರೆ ಇಂಥ ಹೋಲಿಕೆಯ ಭಾಗ್ಯವಿಲ್ಲದ ಶಾರ್ಕುಗಳು ಇನ್ನೂ ಅನೇಕವಿವೆ. ವಿಜ್ಞಾನವನ್ನು ಓದುವ ತರುಣರಾದರೂ, ಒಂದು ಜೀವಿ ನಮ್ಮನ್ನು ಎಷ್ಟು ಹೋಲುತ್ತದೆ ಎಂದು ಕೇಳದೆ, ಅದು ಎಷ್ಟು ಅಪಾಯದಲ್ಲಿದೆ ಎಂದು ಕೇಳುವುದನ್ನು ಕಲಿಯಬೇಕೆಂದು ನಾವು ಬಯಸುತ್ತೇವೆ.