30 ಸಾವಿರ ಪೌಂಡು ತಂದವಳು ಅಟ್ಟ ಸೇರಿದಳು



ಶಿವಮೊಗ್ಗದ ನಮ್ಮ ಸಂಘದಲ್ಲಿ ವಾರದ ಉಳಿತಾಯ ಕಟ್ಟಿ, ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಅರ್ಧ ಗಂಟೆ ಕಥೆ ಕೇಳುವ ರೂಢಿ ಇದೆ. ಈ ಸಲ ಸದಸ್ಯೆಯೊಬ್ಬರ ಮಗಳು, ಶಂಕರಘಟ್ಟದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿರುವವಳು, 'ಜೇನ್ ಐರ್' ಕಾದಂಬರಿಯನ್ನು ನಾಲ್ಕು ವಾರ ಕನ್ನಡದಲ್ಲಿ ಹೇಳಿದಳು. ಇಂಗ್ಲೆಂಡಿನ ಪಾದ್ರಿಯೊಬ್ಬನ ಮಗಳು ಷಾರ್ಲೆಟ್ ಬ್ರಾಂಟೆ 1847ರಲ್ಲಿ ತನ್ನ ಹೆಸರು ಮುಚ್ಚಿಟ್ಟು, 'ಕರರ್ ಬೆಲ್' ಎಂಬ ಹೆಸರಿನಲ್ಲಿ ಪ್ರಕಟಿಸಿದ ಪುಸ್ತಕ ಅದು. ಹಿಂದಿಯಲ್ಲಿ 1952ರಲ್ಲಿ ದಿಲೀಪ್ ಕುಮಾರ್, ಮಧುಬಾಲಾ ಅಭಿನಯಿಸಿದ 'ಸಂಗದಿಲ್' ಚಿತ್ರಕ್ಕೂ ಇದೇ ಮೂಲ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಜೇನ್ ಅನಾಥೆ. ವರ್ಷಕ್ಕೆ 30 ಪೌಂಡು ಸಂಬಳಕ್ಕೆ ಒಂದು ದೊಡ್ಡ ಮನೆಗೆ ಪಾಠ ಹೇಳಲು ಹೋಗುತ್ತಾಳೆ. ಯಜಮಾನ ರಾಚೆಸ್ಟರ್ ಅವಳನ್ನು ಮೆಚ್ಚುತ್ತಾನೆ. ರಾತ್ರಿ ಮೂರನೇ ಅಂತಸ್ತಿನಿಂದ ವಿಕಾರವಾದ ನಗು ಕೇಳುತ್ತದೆ. ಮದುವೆಯ ದಿನ ಚರ್ಚಿನಲ್ಲೇ ಗುಟ್ಟು ರಟ್ಟಾಗುತ್ತದೆ: ಅವನಿಗೆ ಹೆಂಡತಿ ಇದ್ದಾಳೆ, 'ಹುಚ್ಚಿ' ಎಂದು ಹತ್ತು ವರ್ಷದಿಂದ ಮೇಲೆ ಕೂಡಿಹಾಕಿದ್ದಾನೆ. ಜೇನ್ ಮನೆ ಬಿಟ್ಟು ಹೋಗುತ್ತಾಳೆ. ಆಮೇಲೆ ಆ ಹೆಂಡತಿ ಮನೆಗೆ ಬೆಂಕಿ ಹಚ್ಚಿ, ಮಾಳಿಗೆಯಿಂದ ಹಾರಿ ಸಾಯುತ್ತಾಳೆ. ಗಂಡ ಕಣ್ಣು, ಒಂದು ಕೈ ಕಳೆದುಕೊಳ್ಳುತ್ತಾನೆ. ಜೇನ್ ಮರಳಿ ಬಂದು ಅವನನ್ನೇ ಮದುವೆಯಾಗುತ್ತಾಳೆ.

ನಮ್ಮ ಸಂಘದಲ್ಲಿ ಎಲ್ಲರಿಗೂ ಮೆಚ್ಚುಗೆಯಾಯಿತು. "ಪಾಪ, ಒಳ್ಳೇ ಮನುಷ್ಯ. ಹುಚ್ಚಿನ ಕಟ್ಕೊಂಡು ಎಷ್ಟೂ ಅಂತ ಸಹಿಸ್ತಾನೆ?" ಎಂದರು ಒಬ್ಬರು. "ಬೀದಿಗೆ ಬಿಡಲಿಲ್ಲವಲ್ಲ, ಅದೇ ದೊಡ್ಡದು" ಎಂದರು ಇನ್ನೊಬ್ಬರು. ಸುಳ್ಳೇಕೆ ಹೇಳಲಿ, ನಾನೂ ಕಣ್ಣೊರೆಸಿಕೊಂಡೆ.

ಮುಂದಿನ ತಿಂಗಳು ಭದ್ರಾವತಿಯ ಪೇಪರ್ ಟೌನ್ ಕಡೆಯ ಸಂಘದವರು ಕರೆದರು. ಅಲ್ಲಿಯೂ ಹುಡುಗಿ ಕಥೆ ಹೇಳಿದಳು. ಮುಗಿಯುತ್ತಿದ್ದಂತೆ ಹಿಂದೆ ಕೂತಿದ್ದ ಒಬ್ಬ ಹಿರಿಯರು ಕೇಳಿದರು: "ಅದಿರಲಿ ಮಗಾ, ಆ ಹುಚ್ಚಿ ಎಷ್ಟು ತಂದಿದ್ಲು?"

ಹುಡುಗಿ ಪುಟ ತಿರುವಿದಳು. 30 ಸಾವಿರ ಪೌಂಡು.

ಕಾರ್ಖಾನೆಗಳು ತುಂಬಿ ನಡೆಯುತ್ತಿದ್ದ ಕಾಲದಲ್ಲಿ, ಕಾಯಂ ನೌಕರಿಯ ಗಂಡಿಗೆ ಎಷ್ಟು ರೇಟು ಎಂದು ಕೇಳಿ ಕೇಳಿ ಬೆಳೆದ ಊರು ಅದು. ಅವರಿಗೆ ಹೊಳೆದದ್ದು ನಮಗೆ ಹೊಳೆದಿರಲಿಲ್ಲ.

ಲೆಕ್ಕ ನೋಡಿ. ರಾಚೆಸ್ಟರನ ಅಪ್ಪನಿಗೆ ಆಸ್ತಿ ಒಡೆಯಲು ಇಷ್ಟವಿಲ್ಲ, ಎಲ್ಲ ಹಿರಿಮಗನಿಗೇ ಹೋಗಬೇಕು. ಹಾಗೆಂದು ಕಿರಿಮಗ ಬಡವನಾಗಲೂಬಾರದು. ಅದಕ್ಕೆ ಜಮೈಕಾ ದ್ವೀಪದ ಸಾಹುಕಾರನ ಮಗಳು ಬರ್ಥಾಳನ್ನು ಗೊತ್ತುಮಾಡಿದರು. ಹಣದ ವಿಚಾರ ಅಪ್ಪ ನನಗೆ ಹೇಳಿರಲೇ ಇಲ್ಲ, ಹುಡುಗಿ ಚೆಲುವೆ ಎಂದಷ್ಟೇ ಹೇಳಿದ್ದ ಎನ್ನುತ್ತಾನೆ ರಾಚೆಸ್ಟರ್. ಈ ಮಾತನ್ನು ನಾವು ಎಷ್ಟು ಮದುವೆ ಮನೆಗಳಲ್ಲಿ ಕೇಳಿಲ್ಲ? 'ನಂಗೇನೂ ಬೇಡ, ಅಪ್ಪ ಅಮ್ಮ ಮಾತಾಡ್ಕೊಂಡಿದಾರೆ' ಎನ್ನುವ ಗಂಡುಗಳು ನಮ್ಮ ಬೀದಿಯಲ್ಲೇ ಇದ್ದಾರೆ. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಹೆಂಡತಿಯ ಹಣ ಸಾಮಾನ್ಯವಾಗಿ ಗಂಡನ ಪಾಲಾಗುತ್ತಿತ್ತು. ಅದು ಬದಲಾಗತೊಡಗಿದ್ದು 1870 ಮತ್ತು 1882ರ ಕಾಯ್ದೆಗಳಿಂದ. ಕೊನೆಗೆ ಅಪ್ಪ, ಅಣ್ಣ ಇಬ್ಬರೂ ಸತ್ತು ಆಸ್ತಿಯೂ ರಾಚೆಸ್ಟರನಿಗೇ ಬಂತು. ಹಣ ತಂದವಳಿಗೆ ಸಿಕ್ಕಿದ್ದು ಕಿಟಕಿಯೂ ಇಲ್ಲದ ಒಂದು ಕೋಣೆ.

ಇನ್ನು ಅವಳ ಹುಚ್ಚಿನ ವಿಷಯ. ಅವಳು ಕೆಟ್ಟವಳು, ಕುಡಿಯುತ್ತಿದ್ದಳು, ಅವಳ ತಾಯಿಯೂ ಹುಚ್ಚಿ ಎಂದು ವಿವರವಾಗಿ ಹೇಳುವವನು ಯಾರು? ಗಂಡ. ಯಾವಾಗ ಹೇಳುತ್ತಾನೆ? ಎರಡನೇ ಮದುವೆಗೆ ಹೊರಟು ಸಿಕ್ಕಿಬಿದ್ದ ಮೇಲೆ. ಬರ್ಥಾಳ ಬಾಯಿಂದ ನಮಗೆ ನೇರವಾಗಿ ಒಂದು ಮಾತೂ ಕೇಳಿಸುವುದಿಲ್ಲ. ನಗು, ಗುರುಗುಟ್ಟುವಿಕೆ, ಹೊರಳಾಟ, ಅಷ್ಟೇ. ಅವಳು ಸಹೋದರನನ್ನು ಇರಿದಳು, ಕಚ್ಚಿದಳು, ಗಂಡನ ಹಾಸಿಗೆಗೆ ಬೆಂಕಿ ಇಟ್ಟಳು, ಎಲ್ಲ ನಿಜ. ಹತ್ತು ವರ್ಷ ಬೀಗದೊಳಗಿಟ್ಟರೆ ನಾನೂ ನೀವೂ ಏನಾಗುತ್ತಿದ್ದೆವು ಎಂದು ಯಾರೂ ಕೇಳುವುದಿಲ್ಲವೇಕೆ?

ಭದ್ರಾವತಿಯ ಆ ಸಭೆಯಲ್ಲಿ, ಅಲ್ಲಿಯವರೆಗೆ ಬಾಯಿ ಬಿಡದಿದ್ದ ಒಬ್ಬಾಕೆ ತಲೆ ಎತ್ತದೆ ಹೇಳಿದಳು: "ನಂಗೂ ಆರು ತಿಂಗ್ಳು ಹೊರಗಡೆಯಿಂದ ಚಿಲಕ ಹಾಕಿದ್ರು. ತಲೆ ಸರಿ ಇಲ್ಲ ಅಂತ ಬೀದಿಗೆಲ್ಲ ಹೇಳಿದ್ರು. ತವರಿನವರೂ ನಂಬಿದ್ರು." ಆಕೆ ಬದುಕಿ ಹೊರಗೆ ಬಂದು ಈಗ ಸಂಘದ ಲೆಕ್ಕ ಬರೆಯುತ್ತಾಳೆ.

ಬರ್ಥಾ ಸತ್ತದ್ದು ಬೆಂಕಿಯ ರಾತ್ರಿ. ಸಾಕ್ಷಿ ಹೇಳುವವನು ಆ ಮನೆಯ ಹಳೆಯ ನೌಕರ. ಯಜಮಾನ ಅವಳನ್ನು ಉಳಿಸಲು ಮಾಳಿಗೆ ಹತ್ತಿದ, ಅವಳೇ ಹಾರಿದಳು ಎನ್ನುತ್ತಾನೆ. ಇರಬಹುದು, ಲೇಖಕಿ ಹಾಗೇ ಬರೆದಿದ್ದಾಳೆ. ರಾಚೆಸ್ಟರ್ ಕೊಲೆಗಾರ ಎಂದು ನಾನು ಹೇಳುತ್ತಿಲ್ಲ. ಆದರೆ 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಓದಿ ಓದಿ ಸಾಕಾದ ನಮಗೆ, ಗಂಡನ ಕಡೆಯವರ ಸಾಕ್ಷಿ ಕೇಳಿದ ಕೂಡಲೇ ಕಣ್ಣೀರು ಬರಬಾರದಿತ್ತು. (ಅಂದಹಾಗೆ, ವರದಕ್ಷಿಣೆ ಸಾವು ಎನ್ನಲು ನಮ್ಮ ಕಾನೂನಿನಲ್ಲಿ ಸಾವು ಮದುವೆಯಾದ 7 ವರ್ಷದೊಳಗೆ ಆಗಿರಬೇಕು. 1986ರಲ್ಲಿ ಬಂದ 304ಬಿ ಕಲಂ ಹಾಗೆಂದಿತು, 2024ರ ಜುಲೈನಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 80ನೇ ಕಲಂ ಕೂಡ ಹಾಗೇ ಹೇಳುತ್ತದೆ. ಬರ್ಥಾ ಮದುವೆಯಾಗಿ 15 ವರ್ಷ ದಾಟಿತ್ತು. ಇಲ್ಲಿ ಸತ್ತಿದ್ದರೂ ಆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.)

ಜೇನ್ ಬಗ್ಗೆ ನನಗೆ ಜಗಳವಿಲ್ಲ. ಹೆಂಡತಿಯಿರುವವನ ಜತೆ ಇರಲಾರೆ ಎಂದು ರಾತ್ರೋರಾತ್ರಿ ಹೊರಟವಳು ಅವಳು. ಮುಂದೆ ಚಿಕ್ಕಪ್ಪನ 20 ಸಾವಿರ ಪೌಂಡು ಬಂದಾಗ ಒಬ್ಬಳೇ ಇಟ್ಟುಕೊಳ್ಳದೆ ನಾಲ್ವರು ತಲಾ 5 ಸಾವಿರದಂತೆ ಹಂಚಿಕೊಂಡರು. ಎರಡೂ ಊರಿನಲ್ಲಿ ಚಪ್ಪಾಳೆ ಬಿದ್ದದ್ದು ಇಲ್ಲಿಗೇ. ಕೈಯಲ್ಲಿ ಸ್ವಂತ ದುಡ್ಡಿದ್ದುದರಿಂದ ಅವಳು ತಲೆಯೆತ್ತಿ ವಾಪಸು ಬಂದಳು. ಆದರೆ ಅವಳ ಸುಖದ ದಾರಿ ಸುಗಮವಾಗಲು ಇನ್ನೊಬ್ಬ ಹೆಣ್ಣು ಸಾಯಬೇಕಾಯಿತು, ಮತ್ತು ಓದಿದ ನಾವು ಅದನ್ನು ಸುಖಾಂತ ಎಂದೆವು.

ಬರ್ಥಾಳ ಕಡೆಯ ಕಥೆಯನ್ನು ಬರೆದವಳು ವೆಸ್ಟ್ ಇಂಡೀಸಿನಲ್ಲೇ ಹುಟ್ಟಿದ ಜೀನ್ ರೀಸ್, 1966ರಲ್ಲಿ. ಅಷ್ಟು ಹೊತ್ತಿಗೆ, 1963ರಲ್ಲೇ ತೀರಿಕೊಂಡ ನಮ್ಮ ತ್ರಿವೇಣಿ 'ಶರಪಂಜರ' ಬರೆದು ಮುಗಿಸಿದ್ದರು. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಗಂಡನೂ ಸೇರಿ ಎಲ್ಲರೂ ಹುಚ್ಚಿಯಂತೆಯೇ ನೋಡಿ ನೋಡಿ ಮತ್ತೆ ಹುಚ್ಚಿಗೆ ತಳ್ಳುತ್ತಾರೆ. 1971ರ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರನ್ನು ನೋಡಿ ಅತ್ತವರು ನಮ್ಮಲ್ಲಿ ಎಷ್ಟು ಜನ! ಕಾವೇರಿಗಾಗಿ ಅತ್ತ ನಾವೇ ಬರ್ಥಾಳನ್ನು 'ಹುಚ್ಚಿ' ಎಂದು ಬಿಟ್ಟುಬಿಟ್ಟೆವು. ಒಬ್ಬಳ ಮನಸ್ಸಿನೊಳಗೆ ಲೇಖಕಿ ನಮ್ಮನ್ನು ಕರೆದೊಯ್ದರು, ಇನ್ನೊಬ್ಬಳ ಬಾಗಿಲು ಗಂಡನ ಕೈಯಲ್ಲಿತ್ತು. ವ್ಯತ್ಯಾಸ ಅಷ್ಟೇ.

ಅಕ್ಕಪಕ್ಕದ ಮನೆಯಲ್ಲಿ ಇಂಥ ಬಾಗಿಲು ಕಂಡರೆ ಇಷ್ಟು ನೆನಪಿರಲಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನ ಪ್ರಕಾರ, ವರದಕ್ಷಿಣೆ ಯಾರ ಕೈ ಸೇರಿದ್ದರೂ 3 ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಅವಳಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. ಮಾನಸಿಕ ಕಾಯಿಲೆ ನಿಜವಾಗಿ ಇದ್ದರೂ ಸರಪಳಿ ಹಾಕುವಂತಿಲ್ಲ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಚಿಕಿತ್ಸೆ ಪಡೆದ ಮಾತ್ರಕ್ಕೆ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿಲ್ಲದವಳು ಎನ್ನುವಂತಿಲ್ಲ. ಅದನ್ನು ನ್ಯಾಯಾಲಯ ಹೇಳಬೇಕು, ಅತ್ತೆಯಲ್ಲ.

ಬರುವ ವಾರದಿಂದ ನಮ್ಮಲ್ಲಿ 'ಶರಪಂಜರ' ಓದುತ್ತೇವೆ. ಭದ್ರಾವತಿಯವರೂ ಬರುತ್ತೇವೆ ಎಂದಿದ್ದಾರೆ. ನಮ್ಮ ಸಂಘದಲ್ಲಿ ಇನ್ನೂ ಮೂವರು ರಾಚೆಸ್ಟರನ ಪರವಾಗಿಯೇ ಇದ್ದಾರೆ. ಅವರ ಜತೆ ಜಗಳ ಬಾಕಿ ಇದೆ.